ಬ್ಯಾಟರಿ ಕುದಿಯುತ್ತಿದೆ, ಡೈನಮೊ ಪೂರ್ತಿ ಬದಲಿಸಬೇಕಾ?

ಮೂಡಿಗೆರೆಯಿಂದ ಪ್ರಶ್ನೆ:

ನಮ್ಮದು ಹಳೇ ಡೀಸೆಲ್ ಪಿಕಪ್. ಕಾಫಿ ಮೂಟೆ, ಗೊಬ್ಬರ, ಶುಂಠಿ ಎಲ್ಲಾ ಇದರಲ್ಲೇ. ಹೊಸ ಬ್ಯಾಟರಿ ಹಾಕಿಸಿ ಇನ್ನೂ ವರ್ಷ ಆಗಿಲ್ಲ, ಆಗಲೇ ನೀರು ಬೇಗ ಬೇಗ ಇಳಿಯುತ್ತಿದೆ. ಚಾರ್ಮಾಡಿ ಘಾಟಿ ಹತ್ತಿ ಬಂದು ಬಾನೆಟ್ ತೆಗೆದರೆ ಕೊಳೆತ ಮೊಟ್ಟೆ ವಾಸನೆ. ಹೆಡ್‌ಲೈಟ್ ಬಲ್ಬ್‌ಗಳೂ ಪದೇ ಪದೇ ಹೋಗುತ್ತಿವೆ. ಗ್ಯಾರೇಜಿನವರು ಡೈನಮೊ (ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್) ಪೂರ್ತಿ ಬದಲಿಸಿ ಅಂತಾರೆ. ಅಷ್ಟು ದುಡ್ಡು ಸುರಿಯಲೇಬೇಕಾ? ಅನುಭವ ಇದ್ದವರು ಹೇಳಿ.

ಹಾಸನದಿಂದ, ಆಟೋ ಎಲೆಕ್ಟ್ರಿಷಿಯನ್:

ತಡೀರಿ ಅಣ್ಣ, ಸದ್ಯಕ್ಕೆ ಏನನ್ನೂ ಬಿಚ್ಚಿಸಬೇಡಿ. ಒಂದು ಡಿಜಿಟಲ್ ಮಲ್ಟಿಮೀಟರ್ ತಗೊಂಡು 20 ವೋಲ್ಟ್ ಡಿಸಿಗೆ ಇಡಿ. ಮೀಟರಿನ ಒಳಗಿನ ಸೆಲ್ ಮಾತ್ರ ಹೊಸದಿರಲಿ. ಅದು ಇಳಿದಿದ್ದರೆ ಎಷ್ಟೋ ಮೀಟರ್‌ಗಳು ಇರೋದಕ್ಕಿಂತ ಜಾಸ್ತಿ ತೋರಿಸುತ್ತವೆ. ಒಳ್ಳೇ ಡೈನಮೊ ಕೂಡ ಕೆಟ್ಟಂತೆ ಕಾಣುತ್ತದೆ.

ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಬ್ಯಾಟರಿ ಟರ್ಮಿನಲ್ ಮೇಲೇ ಮೀಟರಿನ ಕಡ್ಡಿ ಇಟ್ಟು ನೋಡಿ. 12.6 ಆಸುಪಾಸು ಇದ್ದರೆ ಫುಲ್ ಚಾರ್ಜ್. 12.2 ಅಂದರೆ ಅರ್ಧ. ಚಾರ್ಜ್ ಮಾಡಿಸಿದರೂ 10.5 ಹತ್ತಿರವೇ ನಿಂತರೆ ಒಂದು ಸೆಲ್ ಶಾರ್ಟ್ ಆಗಿದೆ ಅಂತ ಅನುಮಾನಪಡಿ. ಬ್ಯಾಟರಿ ಒಳಗೆ ಆರು ಸೆಲ್, ತಲಾ 2.1 ವೋಲ್ಟ್. ಒಂದು ಹೋದರೆ ಲೆಕ್ಕ ಅಲ್ಲಿಗೇ ಬರುತ್ತದೆ.

ಆಮೇಲೆ ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಓಡಲು ಬಿಡಿ. ಲೈಟು, ಬ್ಲೋವರ್ ಎಲ್ಲಾ ಆಫ್ ಇರಲಿ. ರೇಸ್ ಕೊಟ್ಟು ಅಳೆಯಿರಿ. 13.8ರಿಂದ 14.5ರ ಒಳಗೆ ನಿಲ್ಲಬೇಕು. ರೇಸ್ ಕೊಟ್ಟಷ್ಟೂ ಏರುತ್ತಾ 15 ದಾಟಿದರೆ ಕಟೌಟ್ ಹೋಗಿದೆ, ಅದೇ ವೋಲ್ಟೇಜ್ ಮಿತಿ ಮೀರದಂತೆ ಹಿಡಿದಿಡುವ ರೆಗ್ಯುಲೇಟರ್. ಬಲ್ಬ್ ಹೋಗುತ್ತಿರೋದು ನೋಡಿದರೆ ನನಗೆ ಇದರ ಮೇಲೇ ಅನುಮಾನ. ಸುಮಾರು ಗಾಡಿಗಳಲ್ಲಿ ಅದು ಡೈನಮೊ ಬೆನ್ನಿಗೆ ಕೂತಿರುವ ಸಣ್ಣ ಪೀಸ್, ಅದೊಂದನ್ನೇ ಬದಲಿಸಬಹುದು. ಒಳಗೆ ತಿರುಗುವ ರೋಟರ್, ಅದರ ಸುತ್ತಲಿನ ಸ್ಟೇಟರ್ ಕಾಯಿಲ್, ಬೇರಿಂಗ್ ಚೆನ್ನಾಗಿದ್ದರೆ ಪೂರ್ತಿ ಡೈನಮೊ ಯಾಕೆ?

ಇನ್ನೊಂದು ವಿಷಯ. ಮೀಟರ್ 14.2 ತೋರಿಸುತ್ತಿದೆ, ಆದರೂ ಬ್ಯಾಟರಿ ಕುದಿಯುತ್ತಿದೆ ಅಂದರೆ ತಪ್ಪು ಡೈನಮೊದಲ್ಲ. ಒಂದು ಸೆಲ್ ಶಾರ್ಟ್ ಆದ ಬ್ಯಾಟರಿಗೆ 14.2 ಕೂಡ ಜಾಸ್ತಿಯೇ. ಆರಕ್ಕೆ ಹಂಚಬೇಕಾದ್ದು ಐದರ ತಲೆ ಮೇಲೆ ಬೀಳುತ್ತದೆ. ಇದನ್ನು ನೋಡದೆ ಡೈನಮೊ ಬದಲಿಸಿ, ಮತ್ತೆ ಅದೇ ವಾಸನೆ ಅಂತ ಬರುವವರನ್ನು ನೋಡಿ ನೋಡಿ ಸಾಕಾಗಿದೆ. ಬ್ಯಾಟರಿ ಅಂಗಡಿಯಲ್ಲಿ ಫುಲ್ ಚಾರ್ಜ್ ಮಾಡಿಸಿ, ಹೈಡ್ರೋಮೀಟರ್‌ನಲ್ಲಿ (ಆಸಿಡ್‌ನ ಸಾಂದ್ರತೆ ಅಳೆಯೋದು) ಆರೂ ಸೆಲ್ ನೋಡಿಸಿ. ಐದರಲ್ಲಿ 1.250 ಇದ್ದು ಒಂದರಲ್ಲಿ 1.200 ಅಥವಾ ಅದಕ್ಕೂ ಕಮ್ಮಿ ಬಂದರೆ ಆ ಬ್ಯಾಟರಿಯ ಆಸೆ ಬಿಡಿ. ನೀರು ಹಾಕಿದ ತಕ್ಷಣ ನೋಡಿದರೆ ಸರಿಯಾದ ರೀಡಿಂಗ್ ಸಿಗಲ್ಲ.

ಸಕಲೇಶಪುರದಿಂದ:

ಮೇಲಿನವರು ಹೇಳಿದ್ದು ಸರಿ. ನಮ್ಮ ಮಲೆನಾಡಿನ ಗಾಡಿಗಳಿಗೆ ವೈರಿಂಗ್ ಕೂಡ ನೋಡಿಸಬೇಕು. ಕೆಲವು ಡೈನಮೊಗಳಿಗೆ ಬ್ಯಾಟರಿಯ ವೋಲ್ಟೇಜ್ ಎಷ್ಟಿದೆ ಅಂತ ತಿಳಿಯಲು ಒಂದು ಸಣ್ಣ ವೈರ್ ಬೇರೆ ಇರುತ್ತದೆ. ನನ್ನ ಗಾಡಿಯಲ್ಲಿ ಅದರ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಒಳಗೆಲ್ಲ ಮಳೆಗೆ ಹಸಿರು ಹಿಡಿದಿತ್ತು. ಬ್ಯಾಟರಿಯಲ್ಲಿ 15 ಇದ್ದರೂ ರೆಗ್ಯುಲೇಟರ್‌ಗೆ ತಲುಪುತ್ತಿದ್ದದ್ದು ಕಮ್ಮಿ. ಇನ್ನೂ ಸಾಲದು ಅಂತ ಅದು ಏರಿಸುತ್ತಲೇ ಇತ್ತು. ಕಪ್ಲರ್ ಬದಲಿಸಿದ್ದೇ ಸರಿಹೋಯಿತು, ಡೈನಮೊ ಮುಟ್ಟಲೇ ಇಲ್ಲ.

ಅರ್ಥ್, ಅಂದರೆ ಬ್ಯಾಟರಿ ನೆಗೆಟಿವ್‌ನಿಂದ ಬಾಡಿ, ಇಂಜಿನ್‌ಗೆ ಹೋಗುವ ಕನೆಕ್ಷನ್, ನೋಡೋದೂ ಸುಲಭ. ಇಂಜಿನ್ ಓಡುತ್ತಿರಲಿ, ಹೆಡ್‌ಲೈಟ್ ಹಾಕಿ. ಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಡೈನಮೊ ಬಾಡಿಗೆ. 0.2 ವೋಲ್ಟ್‌ಗಿಂತ ಜಾಸ್ತಿ ಬಂದರೆ ಎಲ್ಲೋ ತುಕ್ಕು ಕೂತಿದೆ. ಫ್ಯಾನ್ ಬೆಲ್ಟ್ ಹತ್ತಿರ ಕೈ ಜೋಪಾನ.

ಅರಸೀಕೆರೆಯಿಂದ:

ಇಂಜಿನ್ ಓಡುವಾಗಲೇ ಬ್ಯಾಟರಿ ಕ್ಲಾಂಪ್ ಕಿತ್ತು, "ಗಾಡಿ ಆಫ್ ಆಗ್ಲಿಲ್ಲ, ಡೈನಮೊ ಸರಿ ಇದೆ" ಅನ್ನೋ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ. ಬಿಡಬೇಡಿ. ಆ ಕ್ಷಣ ವೋಲ್ಟೇಜ್ ಜಿಗಿದು ಡೈನಮೊ ಒಳಗಿನ ಡಯೋಡ್, ಇಸಿಯು (ಗಾಡಿಯ ಕಂಪ್ಯೂಟರ್) ಏನು ಬೇಕಾದರೂ ಸುಡಬಹುದು. ಕುದಿಯೋ ಬ್ಯಾಟರಿ ಹತ್ತಿರ ಬೀಡಿ ಸಿಗರೇಟೂ ಬೇಡ, ಅದರಿಂದ ಬರೋದು ಹೈಡ್ರೋಜನ್. ಆ ಮೊಟ್ಟೆ ವಾಸನೆಯ ಗಾಳಿಯೂ ಒಳ್ಳೇದಲ್ಲ. ಬಾನೆಟ್ ತೆಗೆದಿಟ್ಟು ದೂರ ನಿಲ್ಲಿ.

ಚಿಕ್ಕಮಗಳೂರಿನಿಂದ:

ನಮ್ಮ ಕಡೆ ಚಳಿಗಾಲದ ಬೆಳಿಗ್ಗೆ 14.6, 14.7 ಬಂದರೆ ಗಾಬರಿ ಬೀಳಬೇಡಿ. ತಂಪಿರುವಾಗ ರೆಗ್ಯುಲೇಟರ್ ಸ್ವಲ್ಪ ಜಾಸ್ತಿ ಬಿಡುತ್ತದೆ, ಬಿಸಿಯಾದ ಮೇಲೆ ಇಳಿಯುತ್ತದೆ. ಹೊಸ ಗಾಡಿ ಇರುವವರಿಗೂ ಒಂದು ಮಾತು: ಕೆಲವು ಬಿಎಸ್6 ಗಾಡಿಗಳಲ್ಲಿ ಚಾರ್ಜಿಂಗ್ ನೋಡಿಕೊಳ್ಳೋದು ಇಸಿಯು. ಅಲ್ಲಿ ವೋಲ್ಟೇಜ್ ಏರಿಳಿಯೋದು ಮಾಮೂಲಿ.

ಮೂಡಿಗೆರೆಯಿಂದ:

ಎಲ್ಲರಿಗೂ ಥ್ಯಾಂಕ್ಸ್. ಮೀಟರಿಗೆ ಹೊಸ ಸೆಲ್ ಹಾಕಿಯೇ ನೋಡಿದೆ. ಸ್ಟಾರ್ಟ್ ಮಾಡುವ ಮುಂಚೆ 12.5. ಐಡಲ್‌ನಲ್ಲಿ 14.6, ರೇಸ್ ಕೊಟ್ಟರೆ 15.8ಕ್ಕೆ ಹೋಗುತ್ತೆ. ಅರ್ಥ್ 0.1. ಆರೂ ಸೆಲ್ ಹೆಚ್ಚು ಕಮ್ಮಿ ಒಂದೇ ಇವೆ. ನಮ್ಮ ಡೈನಮೊಗೆ ಆ ಸಣ್ಣ ವೈರ್ ಇಲ್ಲವಂತೆ. ಬ್ಯಾಟರಿಗೆ ವಾರಂಟಿ ಸಿಗಬಹುದಾ?

ಹಾಸನದಿಂದ:

ಹಾಗಾದರೆ ಕಟೌಟೇ. ಬ್ಯಾಟರಿ ಇನ್ನೂ ಬದುಕಿದೆ, ವಾರಂಟಿ ಯೋಚನೆ ಸದ್ಯಕ್ಕೆ ಬಿಡಿ. ಓವರ್‌ಚಾರ್ಜ್‌ನಿಂದ ಕೆಟ್ಟಿದ್ದಕ್ಕೆ ಸಾಮಾನ್ಯವಾಗಿ ಕೊಡೋದೂ ಇಲ್ಲ. ಪ್ಲೇಟ್ ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಹಾಕಿ, ಆಸಿಡ್ ಬೇಡ, ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಕಟೌಟ್ ಜೊತೆ, ರೋಟರ್‌ಗೆ ಕರೆಂಟ್ ಮುಟ್ಟಿಸುವ ಬ್ರಷ್ ಕೂಡ ಹೊಸದು ಹಾಕಿಸಿ. ಹಳೇ ಪೀಸನ್ನು ಅಂಗಡಿಗೆ ತಗೊಂಡು ಹೋಗಿ, ಪಿನ್ ನೋಡಿ ಅದೇ ತರದ್ದು ತನ್ನಿ.

ಹಳೇ ಡೀಸೆಲ್ ಪಿಕಪ್ ಅಂದಿರಲ್ಲ, ಡೈನಮೊ ಹಿಂದೆ ಬ್ರೇಕ್ ಪೆಡಲ್ ಹಗುರ ಮಾಡುವ ವ್ಯಾಕ್ಯೂಮ್ ಪಂಪ್ ಇದೆಯಾ ನೋಡಿ. ಇದ್ದರೆ ಅದರ ಆಯಿಲ್ ಸೀಲ್ ಕೂಡ ಈಗಲೇ ಹಾಕಿಸಿಬಿಡಿ. ಸೀಲ್ ಸೋರಿ ಆಯಿಲ್ ಒಳಗೆ ಹೋದರೆ ಹೊಸ ಬ್ರಷ್ಷೂ ಹಾಳು. ಬೆಲ್ಟ್ ಕೂಡ ನೋಡಿಕೊಳ್ಳಿ. ಅಂಥ ಗಾಡಿಯಲ್ಲಿ ಬೆಲ್ಟ್ ತುಂಡಾದರೆ ಚಾರ್ಜಿಂಗ್ ಮಾತ್ರ ಅಲ್ಲ, ಬ್ರೇಕ್ ಪೆಡಲ್ಲೂ ಗಟ್ಟಿಯಾಗುತ್ತದೆ. ನೀವು ಲೋಡ್ ಹಾಕಿಕೊಂಡು ಘಾಟಿ ಇಳಿಯೋರು.