ವಿಡಿಯೋ ನೋಡಿ ಐಕಿಡೊ ಬರುತ್ತಾ? ಮನೆಯ ಗುಂಪಿನಲ್ಲಿ ನಡೆದ ಜಟಾಪಟಿ

ಚಿಕ್ಕಪ್ಪ ನಿನ್ನೆ ರಾತ್ರಿ ಮನೆಯವರ ವಾಟ್ಸಾಪ್ ಗುಂಪಿಗೆ ಐಕಿಡೊ ಅನ್ನುವ ಜಪಾನಿ ಸಮರಕಲೆಯ ಪಾಠಗಳ ವಿಡಿಯೋ ಸರಣಿಯೊಂದನ್ನು ಹಾಕಿದರು. ಆಮೇಲೆ ಯಾರಿಗೂ ಬೇಗ ನಿದ್ದೆ ಇಲ್ಲ. ನಗುಮುಖ, ಹೆಬ್ಬೆರಳು, ಡಿಲೀಟ್ ಆದ ಮೆಸೇಜ್ ಎಲ್ಲ ತೆಗೆದು ಉಳಿದದ್ದನ್ನು ಇಲ್ಲಿ ಕೊಟ್ಟಿದ್ದೇನೆ. ನಮ್ಮಲ್ಲಿ ಡೋಜೊಗೆ, ಅಂದರೆ ಅದನ್ನು ಕಲಿಸುವ ಶಾಲೆಗೆ, ಹೋಗುವವನು ನಾನೊಬ್ಬನೇ, ಹಾಗಾಗಿ ನನ್ನ ಮಾತೇ ಜಾಸ್ತಿ.

ಚಿಕ್ಕಪ್ಪ: ನೋಡ್ರಪ್ಪಾ, ಮನೆಯಲ್ಲೇ ಕೂತು ಐಕಿಡೊ ಕಲಿಯಬಹುದು. ಮೊದಲ ಪಾಠದಿಂದ ಬ್ಲ್ಯಾಕ್ ಬೆಲ್ಟ್ ತನಕ ಎಲ್ಲ ಇದೆ. ತೋಳ್ಬಲ ಬೇಡ, ವಯಸ್ಸಿನ ಅಡ್ಡಿ ಇಲ್ಲ. ಚಿನ್ನು, ನೀನೂ ಶುರು ಮಾಡು.

ಚಿನ್ನು: ನೋಡಿ ಆಯ್ತು ತಾತ. ಕೊಟೆಗಾಯೇಶಿ ಅನ್ನೋ ಪಟ್ಟು ಸೂಪರ್! ಮಣಿಕಟ್ಟು ಹಿಡಿದು ಹೊರಕ್ಕೆ ತಿರುವಿದರೆ ಸಾಕು, ಎದುರಿನವನು ಗಾಳಿಯಲ್ಲಿ ಪಲ್ಟಿ.

ಸುಮಕ್ಕ: ಯಾರ ಮೇಲೆ ಮಾಡಿ ನೋಡಿದೆ?

ಚಿನ್ನು: ಇನ್ನೂ ಯಾರ ಮೇಲೂ ಇಲ್ಲ ಅಮ್ಮ.

ಸುಮಕ್ಕ: ಆ 'ಇನ್ನೂ' ಬೇಡ.

ರಘು ಭಾವ: ಎಲ್ಲ ನಾಟಕ. ಎದುರಿನವನು ತಾನೇ ಹಾರಿ ಬೀಳುತ್ತಾನೆ. ನೋಡಿದರೆ ಗೊತ್ತಾಗಲ್ವಾ?

ನಾನು: ಭಾವ, ತಾನೇ ಹಾರುತ್ತಾನೆ, ನಿಜ. ನಾಟಕ ಮಾತ್ರ ಅಲ್ಲ. ಕೊಟೆಗಾಯೇಶಿಯಲ್ಲಿ ಮಣಿಕಟ್ಟು ತಿರುಗಿದಾಗ ಮೈ ಅದರ ಜೊತೆ ಹೋಗದಿದ್ದರೆ ಪೆಟ್ಟು ಮಣಿಕಟ್ಟಿಗೆ. ಪಟ್ಟು ಹಾಕಿಸಿಕೊಳ್ಳುವವನಿಗೆ ಉಕೆ ಅನ್ನುತ್ತಾರೆ. ಅವನು ಕೈ ಉಳಿಸಿಕೊಳ್ಳಲು ಬೀಳುತ್ತಾನೆ. ಹಾಗೆ ಬೀಳುವುದೇ ಒಂದು ವಿದ್ಯೆ, ಉಕೆಮಿ. ಚಿನ್ನು, ವಿಡಿಯೋದಲ್ಲಿರುವವನಿಗೆ ಅದು ಬರುತ್ತದೆ, ನಿನ್ನ ಗೆಳೆಯನಿಗೆ ಬರುವುದಿಲ್ಲ. ಅದೇ ತಿರುವು, ಅದೇ ವೇಗ ಹಾಕಿದೆಯೋ, ಅವನು ಪಲ್ಟಿ ಹೊಡೆಯಲ್ಲ, ಕೈ ಹಿಡಿದುಕೊಂಡು ಅಳುತ್ತಾ ಕೂರುತ್ತಾನೆ.

ಚಿಕ್ಕಪ್ಪ: ಸರಿ, ಉಕೆಮಿಯಿಂದಲೇ ಶುರು ಮಾಡಲಿ. ಅದೂ ಇದೆ, ಎರಡನೇ ವಿಡಿಯೋ.

ನಾನು: ಅದನ್ನಂತೂ ವಿಡಿಯೋ ನೋಡಿ ಕಲಿಯಲೇಬಾರದು. ಮುಂದಕ್ಕೆ ಉರುಳುವಾಗ ತೋಳಿನ ಹೊರ ಅಂಚಿನಿಂದ ಹೆಗಲಿಗೆ ಬರಬೇಕು, ಅಲ್ಲಿಂದ ಬೆನ್ನ ಮೇಲೆ ಓರೆಯಾಗಿ ಆಚೆ ಕಡೆಯ ಸೊಂಟಕ್ಕೆ. ಗಲ್ಲ ಎದೆಗೆ ಒತ್ತಿರಬೇಕು, ತಲೆ ನೆಲ ಮುಟ್ಟಬಾರದು. ನೋಡಲು ಬಲು ಸುಲಭ. ಆದರೆ ಉರುಳುತ್ತಿರುವವನಿಗೆ ತನ್ನ ತಲೆ ಎಲ್ಲಿದೆ ಅಂತಲೇ ಗೊತ್ತಿರುವುದಿಲ್ಲ. ಪಕ್ಕದಲ್ಲಿ ಒಬ್ಬರು ನಿಂತು 'ಗಲ್ಲ ಒಳಗೆ!' ಅಂತ ಕೂಗಬೇಕು. ವಿಡಿಯೋ ಕೂಗಲ್ಲ.

ಅತ್ತೆ: ಕುತ್ತಿಗೆ ತಂಟೆಗೆ ಹೋಗಬೇಡಿ ಮಕ್ಕಳಾ.

ಚಿಕ್ಕಪ್ಪ: ನಾನೂ ಸ್ವಲ್ಪ ಓದಿದ್ದೇನೆ ಕಣೋ. ಐಕಿಡೊ ಹುಟ್ಟುಹಾಕಿದ ಮೊರಿಹೇ ಉಯೆಶಿಬಾ ಅವರೇ 1935ರಲ್ಲಿ ಕ್ಯಾಮೆರಾ ಮುಂದೆ ನಿಂತಿದ್ದರು. ಒಸಾಕಾದಲ್ಲಿ ಅಸಾಹಿ ಪತ್ರಿಕೆಯವರು ತೆಗೆದ ಚಿತ್ರ. ಅದಕ್ಕೂ ಮುಂಚೆ, 1933ರಲ್ಲೇ, ಪಟ್ಟುಗಳ ಚಿತ್ರ ಬರೆಸಿ ಪುಸ್ತಕ ಮಾಡಿಸಿದ್ದರು. ಅವರಿಗಿಲ್ಲದ ಮಡಿ ನಿನಗ್ಯಾಕೆ?

ನಾನು: ಚಿಕ್ಕಪ್ಪ, ಆ ಪುಸ್ತಕ ಅವರ ಕೈಯಲ್ಲಿ ಕಲಿಯುತ್ತಿದ್ದ ಶಿಷ್ಯರಿಗೆ ಕೊಟ್ಟಿದ್ದು. ಡೋಜೊದಲ್ಲಿ ಬಿದ್ದು ಎದ್ದವನು ಚಿತ್ರ ನೋಡಿದರೆ ಅವನ ಮೈಗೆ ನೆನಪಾಗುತ್ತದೆ. ಏನೂ ಮಾಡದವನಿಗೆ ನೆನಪಾಗಲು ಏನಿದೆ? ಉಯೆಶಿಬಾ ಕಲಿತಿದ್ದೂ ಹಾಗೆಯೇ ಅಲ್ವಾ. 1915ರಲ್ಲಿ ಹೊಕ್ಕೈಡೊದಲ್ಲಿ ತಕೆದಾ ಸೊಕಾಕು ಸಿಕ್ಕರು. ಅವರಿಂದ ದೈತೊ-ರ್ಯು ಅನ್ನುವ ಜುಜುತ್ಸು ಪರಂಪರೆಯ ಪಟ್ಟುಗಳನ್ನು ಹಾಕಿಸಿಕೊಂಡೇ ಕಲಿತರು.

ಚಿನ್ನು: ಆದ್ರೆ ಮಾಮ, ಇದರಲ್ಲಿ ಸ್ಲೋ ಮೋಷನ್ ಇದೆ, ನಾಲ್ಕು ಕಡೆಯಿಂದ ತೋರಿಸುತ್ತಾರೆ. ಕಾಣದೇ ಇರೋದು ಏನು?

ನಾನು: ಮೊದಲನೆಯದು ಕಾಲು. ಮೇಷ್ಟ್ರು ಲಂಗದಷ್ಟು ಅಗಲದ ಹಕಾಮ ತೊಟ್ಟಿರುತ್ತಾರೆ, ಹೆಜ್ಜೆ ಅದರೊಳಗೆ ಮುಚ್ಚಿಹೋಗುತ್ತದೆ. ಕಂಡರೂ ನಿನ್ನ ಕಣ್ಣು ಕೈಗಳ ಮೇಲೇ ಇರುತ್ತದೆ. ಟೆಂಕನ್ ಅನ್ನುವ ತಿರುಗುವ ಹೆಜ್ಜೆ ತಗೋ. ನಿನ್ನ ಬಲ ಮಣಿಕಟ್ಟನ್ನು ಒಬ್ಬ ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದ. ಎಲ್ಲರೂ ಮೊದಲು ಮಾಡುವುದು ಏನು? ಕೈ ಎಳೆಯುವುದು. ಎಳೆದಷ್ಟೂ ಅವನ ಹಿಡಿತ ಬಿಗಿ. ಹಿಡಿದ ಕೈಯನ್ನು ಇದ್ದಲ್ಲೇ ಬಿಡು, ನೀನು ಪಕ್ಕಕ್ಕೆ ಸರಿ. ಮುಂದಿರುವ ಬಲಗಾಲನ್ನು ಅವನ ಮುಂಗಾಲಿನ ಹೊರಪಕ್ಕಕ್ಕೆ ಇಡು, ಅದರ ಮೇಲೆ ತಿರುಗು, ಇನ್ನೊಂದು ಕಾಲನ್ನು ಬಳಸಿ ಹಿಂದಕ್ಕೆ ತಗೋ. ಈಗ ನೀನು ಅವನ ಪಕ್ಕದಲ್ಲಿ, ಅವನು ನೋಡುವ ಕಡೆಗೇ ನೋಡುತ್ತಾ ನಿಂತಿರುತ್ತೀಯ. ಅವನು ಹಿಡಿದ ಕೈ ನಿನ್ನ ಹೊಕ್ಕುಳಿನ ಎದುರು ಇರುತ್ತದೆ. ಇಷ್ಟರಲ್ಲಿ ನೀನು ಕೈ ಎಳೆದೆಯೋ ಇಲ್ಲವೋ ಅಂತ ಯಾವ ಕ್ಯಾಮೆರಾಗೂ ಕಾಣಲ್ಲ. ಹಿಡಿದವನ ಬೆರಳಿಗೆ ಆ ಕ್ಷಣವೇ ಗೊತ್ತಾಗುತ್ತದೆ. ಅವನು ಹೇಳಬೇಕು, ನೀನು ಮತ್ತೆ ಮಾಡಬೇಕು. ಡೋಜೊದಲ್ಲಿ ನಡೆಯುವುದು ಹೆಚ್ಚುಕಮ್ಮಿ ಇಷ್ಟೇ.

ರಘು ಭಾವ: ಹಿಡಿದವನು ಸುಮ್ನೆ ನಿಲ್ಲದೆ ಇನ್ನೊಂದು ಕೈಯಲ್ಲಿ ಗುದ್ದಿದರೆ?

ನಾನು: ಗುದ್ದಬಾರದು ಅಂತಲೇ ಪಕ್ಕಕ್ಕೆ ಹೋಗುವುದು ಭಾವ. ಅಲ್ಲಿಗೆ ಅವನ ಇನ್ನೊಂದು ಕೈ ಎಟುಕಲ್ಲ. ಅವನ ಎದುರಿಗೇ ತಿರುಗುತ್ತಾ ನಿಂತರೆ ಗುದ್ದು ಗ್ಯಾರಂಟಿ.

ರಘು ಭಾವ: ಸ್ಪರ್ಧೆಯೇ ಇಲ್ಲದ ವಿದ್ಯೆ ಅದು. ಸೋಲು ಗೆಲುವು ಇಲ್ಲದಿದ್ದರೆ ಬಂತೋ ಇಲ್ಲವೋ ಅಂತ ಹೇಗೆ ಹೇಳುತ್ತೀಯ? ಡೋಜೊಗೆ ಹೋದವನ ಕಥೆಯೂ ಅಷ್ಟೇ ಆಯ್ತಲ್ಲ.

(ಭಾವನ ಈ ಪ್ರಶ್ನೆ ಇಡೀ ರಾತ್ರಿಯ ಮಾತಿನಲ್ಲೇ ಗಟ್ಟಿಯಾದದ್ದು. ಅವರಿಗೆ ಹೇಳಲಿಲ್ಲ.)

ನಾನು: ಉಯೆಶಿಬಾ ಅವರ ಶಿಷ್ಯ ಕೆಂಜಿ ತೊಮಿಕಿ ಅವರನ್ನೂ ಇದೇ ಪ್ರಶ್ನೆ ಕಾಡಿತ್ತು. ಅವರು ಸ್ಪರ್ಧೆ ತಂದರು. ಒಬ್ಬನ ಕೈಯಲ್ಲಿ ಮೆತ್ತನೆಯ ಅಣಕು ಚಾಕು, ಇನ್ನೊಬ್ಬ ಬರಿಗೈ. ಆದರೆ ಉಯೆಶಿಬಾ ಅವರಿಗೆ ಸ್ಪರ್ಧೆ ಇಷ್ಟವಿರಲಿಲ್ಲ. ಟೋಕಿಯೋದ ಮುಖ್ಯ ಡೋಜೊ ಇವತ್ತಿಗೂ ಸ್ಪರ್ಧೆ ನಡೆಸುವುದಿಲ್ಲ. ಇನ್ನೊಂದು ಕಡೆ ಅವರ ಇನ್ನೊಬ್ಬ ಶಿಷ್ಯ ಗೊಜೊ ಶಿಯೊದಾ ಕಟ್ಟಿದ ಯೋಶಿನ್‌ಕಾನ್ ಡೋಜೊದಲ್ಲಿ ಟೋಕಿಯೋದ ಗಲಭೆ ನಿಗ್ರಹ ಪೊಲೀಸರೇ ತರಬೇತಿ ಪಡೆಯುತ್ತಾರೆ. ಆದರೂ ಬೀದಿ ಜಗಳಕ್ಕಾಗಿ ಐಕಿಡೊ ಕಲಿಯಿರಿ ಅಂತ ನಾನು ಯಾರಿಗೂ ಹೇಳಲ್ಲ.

ರಘು ಭಾವ: ಅಬ್ಬಾ, ಅಷ್ಟಾದರೂ ಒಪ್ಪಿದೆಯಲ್ಲ.

ಚಿನ್ನು: ಮಾಮ, ನಿಕ್ಯೊ ಅನ್ನೋ ಮಣಿಕಟ್ಟಿನ ಪಟ್ಟು ಮಾಡಬಹುದಾ? ಅದರಲ್ಲಿ ಯಾರೂ ಹಾರಲ್ಲ.

ನಾನು: ಹಾರಲ್ಲ, ಮಂಡಿಯೂರುತ್ತಾರೆ. ನಿಕ್ಯೊ ನೋವು ಮೆಲ್ಲಮೆಲ್ಲಗೆ ಏರುವಂಥದ್ದಲ್ಲ. ಏನೂ ಆಗ್ತಿಲ್ಲ, ಏನೂ ಆಗ್ತಿಲ್ಲ ಅನ್ನುವಾಗಲೇ ಒಮ್ಮೆಲೇ ಜೀವ ಹೋದಂತಾಗುತ್ತದೆ. ಉಕೆ ಸಾಕು ಅಂತ ನೆಲ ತಟ್ಟಿದ ತಕ್ಷಣ ಬಿಡಬೇಕು. ಹೊಸಬರು ಏನೂ ಆಗ್ತಿಲ್ಲ ಅಂದುಕೊಂಡು ಇನ್ನಷ್ಟು ತಿರುವುತ್ತಾರೆ. ಬೇಡ.

ಚಿಕ್ಕಪ್ಪ: ಎಲ್ಲದಕ್ಕೂ ಬೇಡ ಬೇಡ. ಹತ್ತಿರದಲ್ಲಿ ಡೋಜೊನೇ ಇಲ್ಲದವರು ಏನು ಮಾಡಬೇಕು? ಗುರು ಸಿಗುವ ತನಕ ಕೈಕಟ್ಟಿ ಕೂರಬೇಕಾ? ನೀನು ಹೇಳುವುದು ಅನುಕೂಲ ಇದ್ದವರ ಮಾತಾಯ್ತು.

ನಾನು: ಒಬ್ಬರೇ ಮಾಡುವಂಥದ್ದು ಬೇಕಾದಷ್ಟಿದೆ ಚಿಕ್ಕಪ್ಪ. ಟೆಂಕನ್ ಹೆಜ್ಜೆಯನ್ನು ಒಬ್ಬರೇ ತಿರುಗಬಹುದು. ಜೊ ಅಂತ ನಾಲ್ಕು ಅಡಿಗಿಂತ ತುಸು ಉದ್ದದ ಕೋಲು ಇದೆ. ಜಪಾನಿನ ಇವಾಮಾ ಊರಿನಲ್ಲಿ ಉಯೆಶಿಬಾ ಅವರ ಜೊತೆಗಿದ್ದ ಮೊರಿಹಿರೊ ಸೈತೊ ಅದರ ಅಭ್ಯಾಸವನ್ನು 20 ಬಿಡಿ ವರಸೆಗಳಾಗಿ ಜೋಡಿಸಿಟ್ಟಿದ್ದಾರೆ. ಇಂಥದ್ದಕ್ಕೆ ವಿಡಿಯೋ ಒಳ್ಳೆಯದೇ. ಯಾರ ಮಣಿಕಟ್ಟಿಗೂ ಅಪಾಯವಿಲ್ಲ. ಒಂದೇ ಪರಂಪರೆಯ ವಿಡಿಯೋ ನೋಡಬೇಕು ಅಷ್ಟೇ. ಶಿಯೊದಾ ಕಡೆಯವರ ನೆಟ್ಟಗಿನ ನಿಲುವು ಒಂದು ದಿನ, ಉಯೆಶಿಬಾ ಅವರ ಮತ್ತೊಬ್ಬ ಶಿಷ್ಯ ಕೋಯಿಚಿ ತೊಹೇ ಕಡೆಯವರ ಮೃದು ಚಲನೆ ಇನ್ನೊಂದು ದಿನ ಅಂತ ಬೆರೆಸಿದರೆ ಎರಡೂ ಬರಲ್ಲ.

ಸುಮಕ್ಕ: ಕೋಲು ಮನೆಯೊಳಗೆ ಬೇಡ. ಟಿವಿ ಇದೆ.

ಚಿಕ್ಕಪ್ಪ: ಆಗಲಿ, ಎರಡನೇ ವಿಡಿಯೋ ಗುಂಪಿನಿಂದ ತೆಗೆಯುತ್ತೇನೆ. ಉಳಿದದ್ದು ಇರಲಿ. ನಾಳೆಯಿಂದ ನನಗೆ ಟೆಂಕನ್ ಹೆಜ್ಜೆ. ಮಾಡಿ ವಿಡಿಯೋ ಕಳಿಸುತ್ತೇನೆ, ತಪ್ಪು ಇದ್ದರೆ ಹೇಳು.

ನಾನು: ಕಳಿಸಿ. ಕಾಲು ಪೂರ್ತಿ ಕಾಣುವಂತೆ ಪಕ್ಕದಿಂದ ತೆಗೆಸಿ. ಪ್ಯಾಂಟ್ ಸ್ವಲ್ಪ ಮೇಲೆ ಮಡಚಿ.

ರಘು ಭಾವ: ಚಿಕ್ಕಪ್ಪ, ಕೈ ಹಿಡಿಯೋಕೆ ನಾನು ಬರುತ್ತೇನೆ. ಸುಮ್ನೆ ಅಲ್ಲ, ಗಟ್ಟಿಯಾಗೇ ಹಿಡಿಯುತ್ತೇನೆ.