‘ಗ್ಲ’ ಎಂದು ಆರಂಭವಾಗುವ ಇಂಗ್ಲಿಷ್ ಪದಗಳೆಲ್ಲ ಬೆಳಕಿನವೇ?

ಪ್ರಶ್ನೆ: ಶಿರಸಿಯಿಂದ

ಮಾನ್ಯರೇ, ನನ್ನ ಮಗಳು ಕನ್ನಡ ಮಾಧ್ಯಮದಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಳೆ. ಗ್ಲೋ, ಗ್ಲೀಮ್, ಗ್ಲಿಂಟ್, ಗ್ಲಿಟರ್, ಗ್ಲೇರ್ ಎಂಬ ಪದಗಳಿಗೆಲ್ಲ ಅವಳ ಗೈಡಿನಲ್ಲಿ ‘ಹೊಳೆ’, ‘ಪ್ರಕಾಶಿಸು’ ಎಂಬ ಎರಡೇ ಅರ್ಥಗಳನ್ನು ಅದಲುಬದಲು ಮಾಡಿ ಕೊಟ್ಟಿರುವುದರಿಂದ, ಯಾವುದನ್ನು ಎಲ್ಲಿ ಬಳಸಬೇಕೆಂಬುದು ಅವಳಿಗೂ ತಿಳಿಯುತ್ತಿಲ್ಲ, ಹೇಳಿಕೊಡಲು ಕುಳಿತ ನನಗೂ ತಿಳಿಯುತ್ತಿಲ್ಲ. ಮನೆಗೆ ಬಂದಿದ್ದ ಬಂಧುವೊಬ್ಬರು, ಜಿ ಮತ್ತು ಎಲ್ ಜೊತೆಯಾಗಿ ಮೊದಲಿಗೆ ಬಂದರೆ ಅದು ಬೆಳಕಿನ ಪದವೆಂದು ತಿಳಿದರಾಯಿತು ಎಂದರು. ಮಗಳು ಕೂಡಲೇ ಗ್ಲೂ ಬಾಟಲಿಯನ್ನು ಎತ್ತಿ ತೋರಿಸಿ, ‘ಹಾಗಾದರೆ ಇದು?’ ಎಂದಳು. ಬಂಧುಗಳ ಬಳಿ ಉತ್ತರವಿರಲಿಲ್ಲ. ಹೀಗೆ ಮೊದಲ ಅಕ್ಷರಗಳನ್ನು ನೋಡಿ ಅರ್ಥವನ್ನು ಊಹಿಸುವುದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಕುಮಟಾದಿಂದ, ನಿವೃತ್ತ ಇಂಗ್ಲಿಷ್ ಉಪನ್ಯಾಸಕ

ಸಹೋದರಿ, ನಿಮ್ಮ ಬಂಧುಗಳು ಹೇಳಿದ್ದು ಅರ್ಧ ನಿಜ, ಮಗಳು ಕೇಳಿದ್ದು ಪೂರ್ತಿ ಸರಿ.

ಮೊದಲು ಅರ್ಥಗಳನ್ನು ಬಿಡಿಸಿಕೊಳ್ಳೋಣ. ಗ್ಲೋ ಎಂದರೆ ಉರಿಯಿಲ್ಲದ ನಿಂತ ಬೆಳಕು. ಬೂದಿಯ ಅಡಿಯಲ್ಲಿ ಕೆಂಡ ಕೆಂಪಗೆ ಇರುವುದು ಗ್ಲೋ. ಗ್ಲೀಮ್ ಎಂದರೆ ನುಣುಪಾದ ವಸ್ತುವಿನ ಮೈಮೇಲಿನ ತಿಳಿಯಾದ ಹೊಳಪು. ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆಯ ಚೊಂಬಿನದು ಅದು. ಗ್ಲಿಂಟ್ ಒಂದೇ ಕ್ಷಣದ್ದು, ಒಂದೇ ಬಿಂದುವಿನದು. ಬುಟ್ಟಿಯಲ್ಲಿ ಬಂಗಡೆ ಹೊರಳಿದಾಗ ಬಿಸಿಲಿಗೆ ಒಮ್ಮೆ ಮಿಂಚಿ ಹೋಗುತ್ತದಲ್ಲ, ಹಾಗೆ. ಅಂಥ ನೂರಾರು ಕಿಡಿಗಳು ಒಟ್ಟಿಗೆ ಕಂಡರೆ ಗ್ಲಿಟರ್. ಸಂಜೆಯ ಇಳಿಬಿಸಿಲಿನಲ್ಲಿ ಕಡಲನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗ್ಲಿಮರ್ ಎಂದರೆ ರಾತ್ರಿ ದೂರದ ದೋಣಿಯ ದೀಪದಂತೆ ಕಂಡೂ ಕಾಣದ, ನಡುಗುವ ಬೆಳಕು. ಗ್ಲೇರ್ ಎದುರು ಬರುವ ಬಸ್ಸಿನ ಹೆಡ್‌ಲೈಟಿನಂತೆ ಕಣ್ಣು ಕುಕ್ಕುವಂಥದು. ಸಿಟ್ಟಿನಿಂದ ದುರುಗುಟ್ಟಿ ನೋಡುವುದಕ್ಕೂ ಇದೇ ಪದ.

ಮಕ್ಕಳು ಬಹಳ ತಪ್ಪುವುದು ಗ್ಲಾನ್ಸ್ ಮತ್ತು ಗ್ಲಿಂಪ್ಸ್‌ಗಳಲ್ಲಿ. ಗ್ಲಾನ್ಸ್ ನಾವು ಮಾಡುವ ಕೆಲಸ: ಗಡಿಯಾರದತ್ತ ಒಮ್ಮೆ ಕಣ್ಣು ಹಾಯಿಸುವುದು. ಗ್ಲಿಂಪ್ಸ್ ನಮಗೆ ದಕ್ಕುವ ನೋಟ: ಜಾತ್ರೆಯ ಜನಜಂಗುಳಿಯ ನಡುವೆ ಮಾರಿಕಾಂಬೆಯ ತೇರು ಅರೆಕ್ಷಣ ಕಂಡು ಮರೆಯಾಗುವುದು.

ಇನ್ನು ಕಾರಣ. ಗ್ಲೋ, ಗ್ಲೀಮ್, ಗ್ಲಿಟರ್ ಮುಂತಾದವು ‘ಹೊಳೆ’ ಎಂಬ ಅರ್ಥದ ಒಂದೇ ಪ್ರಾಚೀನ ಧಾತುವಿನ ಸಂತಾನವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಇಂದು ಸಂತೋಷವನ್ನು ಸೂಚಿಸುವ ಗ್ಲ್ಯಾಡ್ ಕೂಡ ಹಳೆಯ ಇಂಗ್ಲಿಷಿನಲ್ಲಿ ‘ಹೊಳೆಯುವ’ ಎಂಬ ಅರ್ಥವನ್ನು ಹೊಂದಿತ್ತು. ಆದರೆ ಗ್ಲಾನ್ಸ್ ಆ ಮನೆಯದಲ್ಲ. ಅದು ‘ಜಾರು’ ಎಂಬ ಅರ್ಥದ ಹಳೆಯ ಫ್ರೆಂಚ್ ಪದದಿಂದ ಬಂದದ್ದು; ಕ್ರಿಕೆಟ್ಟಿನ ಲೆಗ್ ಗ್ಲಾನ್ಸ್‌ನಲ್ಲಿ ಚೆಂಡು ಬ್ಯಾಟಿಗೆ ತಾಗಿ ಜಾರಿಹೋಗುವಾಗ ಆ ಮೂಲಾರ್ಥ ಈಗಲೂ ಕಾಣುತ್ತದೆ. ಕಣ್ಣಿಗೆ ಸಂಬಂಧಿಸಿದ ಅರ್ಥ ಅದಕ್ಕೆ ಆಮೇಲೆ ಕೂಡಿಕೊಂಡಿತು; ಅಕ್ಕಪಕ್ಕದ ‘ಗ್ಲ’ ಪದಗಳ ಸಹವಾಸವೂ ಅದರಲ್ಲಿ ಕೈಯಾಡಿಸಿರಬೇಕೆಂದು ನನ್ನ ಎಣಿಕೆ. ಗ್ಲೂ ಮತ್ತು ಗ್ಲೋಬ್ ಲ್ಯಾಟಿನ್ ಮೂಲದವು. ಅವಕ್ಕೂ ಬೆಳಕಿಗೂ ಏನೇನೂ ನಂಟಿಲ್ಲ.

ಇದನ್ನು ಗಮನಿಸಿದವರಲ್ಲಿ ನಾವು ಮೊದಲಿಗರೇನಲ್ಲ. ಗಣಿತದಲ್ಲಿ ಅನಂತದ ಚಿಹ್ನೆಯನ್ನು ಬಳಕೆಗೆ ತಂದ ಜಾನ್ ವಾಲಿಸ್ 1653ರಲ್ಲಿ ಪ್ರಕಟಿಸಿದ ಇಂಗ್ಲಿಷ್ ವ್ಯಾಕರಣದಲ್ಲಿಯೇ ಇಂಥ ಗುಂಪುಗಳನ್ನು ಪಟ್ಟಿ ಮಾಡಿದ್ದರು. ಲಾಹೋರಿನಲ್ಲಿ ಕೆಲವು ವರ್ಷ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಜೆ. ಆರ್. ಫರ್ತ್ 1930ರಲ್ಲಿ ಈ ಬಗೆಯ ಧ್ವನಿಗುಚ್ಛಗಳಿಗೆ ‘ಫೋನೆಸ್ತೀಮ್’ ಎಂದು ಹೆಸರಿಟ್ಟರು.

ಉತ್ತರ: ಹೊನ್ನಾವರದಿಂದ

ಹಿರಿಯರು ಹೇಳಿದ್ದಕ್ಕೆ ಕನ್ನಡದ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಮಿಂಚು, ಮಿನುಗು, ಮಿರುಗು, ಮಿಣುಕು: ಇವೆಲ್ಲ ನಮ್ಮ ‘ಗ್ಲ’ ಪದಗಳೇ ಅಲ್ಲವೇ? ಹಾಗೆಂದು ‘ಮಿ’ ಎಂದರೆ ಬೆಳಕು ಎಂದು ಯಾರಾದರೂ ಸೂತ್ರ ಬರೆದರೆ, ನಿಮ್ಮ ಶಿರಸಿಯ ಅಪ್ಪೆಮಿಡಿಯನ್ನು ಭರಣಿಯಿಂದ ತೆಗೆದು ತೋರಿಸಿದರೆ ಸಾಕು. ಹಾಗೆಯೇ ಇಂಗ್ಲಿಷಿನಲ್ಲಿ ಎಸ್, ಎನ್ ಕೂಡಿದ ಸ್ನೀಜ್, ಸ್ನೋರ್, ಸ್ನಿಫ್, ಸ್ನೌಟ್ ಇವು ಮೂಗಿಗೆ ಸೇರಿದವು. ನಮ್ಮಲ್ಲಿ ಮೂಗು, ಮೂಸು, ಮೂತಿ ಇವೆ. ಸೀನುವುದನ್ನು ಹೇಳುವ ಸ್ನೀಜ್ ಮೊದಲು ಎಫ್, ಎನ್ ಅಕ್ಷರಗಳಿಂದ ಆರಂಭವಾಗುತ್ತಿತ್ತು. ಆ ಉಚ್ಚಾರವು ಬಳಕೆಯಿಂದ ಬಿದ್ದುಹೋದ ಮೇಲೆ ಪದವು ಮೂಗಿನ ಗುಂಪಿಗೇ ಬಂದು ಸೇರಿದ್ದು ನನಗಂತೂ ಬಹಳ ಮೋಜಿನ ಸಂಗತಿಯಾಗಿ ಕಂಡಿದೆ. ಆದರೆ ಸ್ನೇಕ್ ಮತ್ತು ಸ್ನೇಲ್ ತೆವಳುವ ಪ್ರಾಣಿಗಳು, ಅವುಗಳ ಮೂಲವೂ ತೆವಳುವುದೇ. ಅವನ್ನು ಮೂಗಿಗೆ ತಗಲಿಸಬಾರದು.

ಉತ್ತರ: ಕಾರವಾರದಿಂದ

ನಾನು ಬೈತಖೋಲ್ ಬಂದರಿನಲ್ಲಿ ದೋಣಿಗಳ ಇಂಜಿನ್ ದುರಸ್ತಿ ಮಾಡುವವನು. ಭಾಷಾಶಾಸ್ತ್ರ ಓದಿದವನಲ್ಲವಾದರೂ ಬಹಳ ದಿನಗಳಿಂದ ಕಾಡುತ್ತಿರುವ ಒಂದು ಸಂಶಯವನ್ನು ಇಲ್ಲಿಯೇ ಕೇಳುತ್ತೇನೆ. ನಾವು ಪಾನಾ ಎನ್ನುವುದನ್ನು ಬಿಡಿಭಾಗಗಳ ಪಟ್ಟಿಯಲ್ಲಿ ರೆಂಚ್ ಎಂದು ಬರೆದಿರುತ್ತಾರೆ, ಆದರೆ ಅದರ ಮೊದಲಿಗೆ ಓದದೇ ಬಿಡುವ ಒಂದು ಡಬ್ಲ್ಯು ಇರುತ್ತದೆ. ಉಚ್ಚರಿಸದ ಅಕ್ಷರ ಅಲ್ಲಿ ಏಕೆ ಬೇಕು?

ಉತ್ತರ: ಕುಮಟಾದಿಂದ, ಅದೇ ಉಪನ್ಯಾಸಕ

ಹಿಂದೆ ಅದನ್ನು ಉಚ್ಚರಿಸುತ್ತಿದ್ದರು. ನಾಲಿಗೆ ಬಿಟ್ಟದ್ದನ್ನು ಬರವಣಿಗೆ ಬಿಡಲಿಲ್ಲ. ನೀವು ಕೇಳಿದ ಗುಂಪು ‘ಗ್ಲ’ಕ್ಕಿಂತಲೂ ಗಟ್ಟಿಯಾದುದು. ಡಬ್ಲ್ಯು, ಆರ್ ಕೂಡಿ ಆರಂಭವಾಗುವ ಪದಗಳಲ್ಲಿ ರೆಂಚ್ ತಿರುಚುವುದು, ರಿಂಗ್ ಬಟ್ಟೆ ಹಿಂಡುವುದು, ರಿಸ್ಟ್ ತಿರುಗುವ ಮಣಿಕಟ್ಟು, ರೀತ್ ಸುತ್ತಿ ಹೆಣೆದ ಹೂವಿನ ಬಳೆ. ರಾಂಗ್ ಕೂಡ ಮೊದಲು ‘ಸೊಟ್ಟ’ ಎಂಬ ಅರ್ಥದ್ದೇ. ನಮ್ಮ ತಿರುಗು, ತಿರುಚು, ತಿರುವು, ತಿರುಪು ಪದಗಳನ್ನು ಪಕ್ಕದಲ್ಲಿಟ್ಟುಕೊಂಡರೆ ನಿಮಗೆ ಇದು ಸುಲಭವಾಗಿ ನೆನಪಿನಲ್ಲಿ ಉಳಿಯುತ್ತದೆ. ಆದರೆ ಇಲ್ಲಿಯೂ ರೈಟ್, ಅಂದರೆ ಬರೆಯುವುದು, ಬೇರೆಯೇ ಆಗಿ ನಿಲ್ಲುತ್ತದೆ. ಅದರ ಹಳೆಯ ಅರ್ಥ ಗೀರುವುದು, ಕೊರೆಯುವುದು. ಕನ್ನಡದ ‘ಬರೆ’ ಪದವೂ ಗೆರೆಗೂ ಬರಹಕ್ಕೂ ಸಲ್ಲುವುದನ್ನು ನೋಡಿದರೆ ಇದರಲ್ಲಿ ಆಶ್ಚರ್ಯವಿಲ್ಲ.

ಪ್ರತಿಕ್ರಿಯೆ: ಶಿರಸಿಯಿಂದ

ಎಲ್ಲರಿಗೂ ಕೃತಜ್ಞತೆಗಳು. ಕೆಂಡ, ಚೊಂಬು, ಬಂಗಡೆ, ಕಡಲು ಎಂದು ನಾಲ್ಕು ಚಿತ್ರಗಳನ್ನು ಬರೆದು ಮಗಳು ತನ್ನ ಮೇಜಿನ ಮೇಲಿನ ಗೋಡೆಗೆ ಅಂಟಿಸಿದ್ದಾಳೆ, ಅದೂ ಅದೇ ಗ್ಲೂ ಬಳಸಿ. ಅವಳದು ಇನ್ನೊಂದು ತಕರಾರಿದೆ: ಗ್ಲೂಮ್ ಎಂದರೆ ಕತ್ತಲೆಯಲ್ಲವೇ, ಅದು ಬೆಳಕಿನ ಗುಂಪಿನಲ್ಲಿ ಏನು ಮಾಡುತ್ತಿದೆ ಎಂದು ಕೇಳುತ್ತಿದ್ದಾಳೆ.

ಉತ್ತರ: ಕುಮಟಾದಿಂದ

ಗ್ಲೂಮ್ ಮೊದಲು ಮುಖಕ್ಕೆ ಸಂಬಂಧಿಸಿದ ಪದವಾಗಿತ್ತು. ಮುಖ ಗಂಟು ಹಾಕಿಕೊಳ್ಳುವುದು, ಹುಬ್ಬು ಬಿಗಿದು ನೋಡುವುದು ಎಂದು ಅದರ ಅರ್ಥ. ಅದು ಮೋಡ ಕವಿದ ಆಕಾಶಕ್ಕೂ ಹೊಂದಿಕೊಂಡು, ಕತ್ತಲೆಯ ಅರ್ಥ ಪಡೆದದ್ದು ಅನಂತರ. ನಮ್ಮಲ್ಲಿಯೂ ಆಷಾಢದ ಮುಗಿಲಿನಂತೆ ಮುಖ ಕಪ್ಪಿಟ್ಟಿತು ಎನ್ನುತ್ತೇವಲ್ಲ, ಅಲ್ಲಿ ಹೋಲಿಕೆ ಆಕಾಶದಿಂದ ಮುಖಕ್ಕೆ ಇಳಿದಿದೆ, ಇಲ್ಲಿ ಮುಖದಿಂದ ಆಕಾಶಕ್ಕೆ ಏರಿದೆ ಎಂದು ಅವಳಿಗೆ ಹೇಳಿ.