ಪದ ಬೇಕು: ಉಬ್ಬರ ಮುಗಿದು ಇಳಿತ ಶುರುವಾಗುವ ಮುಂಚಿನ ಹೊತ್ತಿಗೆ

ಎಲ್ಲರಿಗೂ ನಮಸ್ಕಾರ. ಹಾಯಿದೋಣಿ ಕಲಿಯುವವರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಎಲ್ಲ ಮುಗಿದು ‘ಸ್ಲ್ಯಾಕ್ ವಾಟರ್’, ಅಂದರೆ ಮೇಲೆ ಹೇಳಿದ ಆ ಹೊತ್ತಿನ ಹರಿವಿಲ್ಲದ ನೀರು, ಇದರಲ್ಲಿ ಸಿಕ್ಕಿಕೊಂಡಿದ್ದೇನೆ.

ಸಂದರ್ಭ ಹೇಳುತ್ತೇನೆ. ಡಿಸೆಂಬರಲ್ಲಿ ತದಡಿಯಿಂದ ಹೊನ್ನಾವರಕ್ಕೆ ಹೋಗಬೇಕು. ಸುಮಾರು 14 ನಾಟಿಕಲ್ ಮೈಲಿ, ಗಂಟೆಗೆ ನಾಲ್ಕರಂತೆ ಮೂರೂವರೆ ಗಂಟೆ. ಬೆಳಿಗ್ಗೆ ನೆಲದ ಕಡೆಯ ಗಾಳಿಯಲ್ಲಿ ತದಡಿಯ ಅಘನಾಶಿನಿ ನದಿಯ ಅಳಿವೆ (ನದಿ ಕಡಲು ಸೇರುವ ಬಾಯಿ) ಬಿಟ್ಟರೆ, ಮಧ್ಯಾಹ್ನದ ಹೊತ್ತಿಗೆ ವಾಯವ್ಯದ ಕಡಲಗಾಳಿ ಬೆನ್ನಿಗೆ ಸಿಗುತ್ತದೆ. ನಡುವೆ ಗಾಳಿ ಬಿದ್ದರೆ ಲೆಕ್ಕವೆಲ್ಲ ಏರುಪೇರು. ಸಂಜೆ ಆರು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ, ಕತ್ತಲಲ್ಲಿ ಹೊನ್ನಾವರದ ಶರಾವತಿಯ ಅಳಿವೆ ಹೊಗುವ ಮಾತೇ ಇಲ್ಲ. ಅಲ್ಲಿ ಮರಳದಿಬ್ಬಗಳು. ಇಳಿತದ ನೀರು ಹೊರಗೆ ನುಗ್ಗುವಾಗ ಎದುರಿಂದ ಗಾಳಿ ಬೀಸಿದರೆ ಅಲೆ ಗೋಡೆಯ ಹಾಗೆ ಎದ್ದು ಒಡೆಯುತ್ತದೆ. ಹಾಗಾಗಿ ಈ ಸಾಲು: “ಉಬ್ಬರದ ಕೊನೆಗೆ, ______ ಹೊತ್ತಿಗೆ ಅಳಿವೆ ದಾಟಿ.” ದಯವಿಟ್ಟು ಬಿಟ್ಟ ಜಾಗ ತುಂಬಿಕೊಡಿ.

*

ಮರು (ಮೈಸೂರಿನಿಂದ):
ಸ್ತಬ್ಧಜಲ. ಇದರಲ್ಲಿ ಚರ್ಚೆ ಏನಿದೆ?

*

ಮರು (ಶಿವಮೊಗ್ಗದಿಂದ):
ಇದೆ ಸ್ವಾಮಿ. ಹಾಯಿ ಹಗ್ಗ ಹಿಡಿದು ಕೂತ ಹುಡುಗನಿಗೆ ಸ್ತಬ್ಧಜಲ ಯಾಕೆ? ‘ನಿಲುನೀರು’ ಅನ್ನಿ. ನಿಲುಗನ್ನಡಿ ಇದೆ, ನಿಲುಗಡೆ ಇದೆ. ಉಬ್ಬರ ಹುಟ್ಟಿದ್ದು ಉಬ್ಬಿನಿಂದ, ಇಳಿತ ಇಳಿಯಿಂದ. ಮೂರನೆಯದಕ್ಕೆ ಮಾತ್ರ ಸಂಸ್ಕೃತದ ಸಾಲ ಬೇಡ.

*

ಮರು (ಹೊನ್ನಾವರದಿಂದ):
ನಿಲುನೀರು ಅಂದ್ರೆ ನಮಗೆ ಸೊಳ್ಳೆ ನೆನಪಾಗುತ್ತದೆ ಮಾರಾಯ್ರೇ. ಕರಾವಳಿಯಲ್ಲಿ ಉಬ್ಬರಕ್ಕೆ ಭರತ ಎನ್ನುವುದುಂಟು. ಆದರೆ ‘ಭರತ ತುಂಬಿದಾಗ’ ಅಂತಲೂ ಹಾಕಬೇಡಿ, ಅರ್ಥ ಬೇರೆ ಆಗುತ್ತದೆ. ಉಬ್ಬರ-ಇಳಿತದ ಪಟ್ಟಿಯಲ್ಲಿ ಕೊಡುವುದು ನೀರು ಎಷ್ಟು ಹೊತ್ತಿಗೆ ಎಷ್ಟು ಏರುತ್ತದೆ ಅಂತ. ಹರಿವು ನಿಲ್ಲುವುದು ಅದೇ ಗಳಿಗೆಗೆ ಅಂತೇನಿಲ್ಲ. ಅದರಲ್ಲೂ ಶರಾವತಿಯಲ್ಲಿ, ಗೇರುಸೊಪ್ಪೆಯಲ್ಲಿ ಕರೆಂಟಿಗಾಗಿ ಬಿಟ್ಟ ನೀರು ಬೇಸಿಗೆಯಲ್ಲೂ ಕೆಳಗೆ ಬರುತ್ತಿರುತ್ತದೆ. ದೋಣಿಗೆ ಬೇಕಾದ್ದು ಸೆಳೆತ ಇಲ್ಲದ ಹೊತ್ತು. ‘ಸೆಳೆತ ನಿಂತ ಹೊತ್ತಿಗೆ’ ಅನ್ನಿ, ಸಾಕು.

*

ಮರು (ಶಿವಮೊಗ್ಗದಿಂದ):
ಅದು ಪದ ಅಲ್ಲ, ವಾಕ್ಯದ ತುಂಡು. ಪದಕೋಶದಲ್ಲಿ ಎಲ್ಲಿ ಇಡುತ್ತೀರಿ? ಇನ್ನು ಭರತ, ಅದು ಮರಾಠಿ ಭರತಿಯ ನಂಟು. ಕನ್ನಡದ್ದಲ್ಲ.

*

ಮರು (ಹೊನ್ನಾವರದಿಂದ):
ಸರಿ, ಭರತವನ್ನು ಕಳಿಸಿಬಿಡೋಣ. ಬಂದರು ಪಾರಸಿ, ಅದನ್ನೂ ಕಳಿಸಿ. ಲಂಗರೂ ಪಾರಸಿ. ಆಮೇಲೆ ದೋಣಿ ಎಲ್ಲಿ ನಿಲ್ಲಿಸೋದು, ಏನು ಹಾಕಿ ನಿಲ್ಲಿಸೋದು?

*

ಮರು (ಮೈಸೂರಿನಿಂದ):
ಹಾಯಿಯ ಬಗ್ಗೆ ಯಾರೂ ಮಾತಾಡಲಿಲ್ಲ. ಹಾಯುವುದು, ಅಂದರೆ ದಾಟುವುದರಿಂದ ಹಾಯಿ ಬಂತು ಎನ್ನುವವರಿದ್ದಾರೆ. ತಮಿಳಿನ ‘ಪಾಯ್’ ನೋಡಿ. ಚಾಪೆಗೂ ಅದೇ, ಹಾಯಿಗೂ ಅದೇ. ನಮ್ಮ ಪಕಾರ ಹಕಾರವಾಯಿತು, ಅಷ್ಟೇ. ಚಾಪೆ ಹೆಣೆದು ಕಂಬಕ್ಕೆ ಕಟ್ಟಿದ್ದೇ ಹಾಯಿ.

*

ಮರು (ಶಿವಮೊಗ್ಗದಿಂದ):
ತಮಿಳಿನಲ್ಲಿ ಪಾಯ್ ಅಂದರೆ ಜಿಗಿ ಅಂತಲೂ ಇದೆ. ಎರಡೂ ಒಂದೇ ಬೇರಿನವೋ ಬೇರೆಯೋ, ಅದನ್ನು ಮೊದಲು ತೀರ್ಮಾನಿಸಿ.

*

ಮರು (ಮೈಸೂರಿನಿಂದ):
ಜಿಗಿತಕ್ಕೂ ಚಾಪೆಗೂ ಸುಮ್ನೆ ಗಂಟು ಹಾಕಬೇಡಿ.

*

ಪ್ರಶ್ನೆ ಕೇಳಿದ್ದು ನಾನು. ಹಾಯಿಯನ್ನು ನೀವೇ ಇತ್ಯರ್ಥ ಮಾಡಿಕೊಳ್ಳಿ. “ಉಬ್ಬರದ ಕೊನೆಗೆ, ಸೆಳೆತ ನಿಂತ ಹೊತ್ತಿಗೆ ಅಳಿವೆ ದಾಟಿ” ಅಂತ ಹಾಕಿದೆ. ಪಟ್ಟಿಯ ಸಮಯವನ್ನೇ ನಂಬದೆ ಅಳಿವೆಯ ಹೊರಗೆ ನಿಂತು ನೀರು ನೋಡಿ ಅಂತ ಒಂದು ಸಾಲು ಜಾಸ್ತಿ ಸೇರಿಸಿದ್ದೇನೆ, ಹೊನ್ನಾವರದವರಿಗೆ ಥ್ಯಾಂಕ್ಸ್. ಇನ್ನೊಂದು ಉಳಿದಿದೆ: ‘ಸ್ಪ್ರಿಂಗ್ ಟೈಡ್’. ಪಠ್ಯಪುಸ್ತಕದ ಮಾತು ಬೇಡ.

*

ಮರು (ಹೊನ್ನಾವರದಿಂದ):
ಹುಣ್ಣಿಮೆ–ಅಮಾಸೆಯ ಉಬ್ಬರ. ಇದಕ್ಕೂ ಪದ ಕಟ್ಟಲು ಕೂರಬೇಡಿ.

*

ಮರು (ಶಿವಮೊಗ್ಗದಿಂದ):
‘ಹೇರುಬ್ಬರ’ ಆಗಬಹುದಲ್ವಾ?